ಸರ್ಕಾರಿ ಶಾಲೆಗಳಲ್ಲಿ ಧ್ಯಾನ: ಧಾರ್ಮಿಕ ಆಚರಣೆಯೇ ಎಂಬ ಪ್ರಶ್ನೆ

ಸರ್ಕಾರಿ ಶಾಲೆಯಲ್ಲಿ ಮಕ್ಕಳಿಂದ ಧ್ಯಾನ ಮಾಡಿಸುವುದು ಧಾರ್ಮಿಕ ಆಚರಣೆಯಾಗುತ್ತದೆಯೇ ಎಂಬ ಚರ್ಚೆ ಕರ್ನಾಟಕದಲ್ಲಿ ಬಿಸಿಯೇರಿದ್ದು 2022ರ ನವೆಂಬರ್‌ನಲ್ಲಿ. ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಶಾಲೆಗಳಲ್ಲೂ ಪದವಿಪೂರ್ವ ಕಾಲೇಜುಗಳಲ್ಲೂ ದಿನಕ್ಕೆ 10 ನಿಮಿಷ ಧ್ಯಾನ ಮಾಡಿಸುವಂತೆ ಇಲಾಖೆಗೆ ಸೂಚಿಸಿದರು. ಏಕಾಗ್ರತೆ ಹೆಚ್ಚುತ್ತದೆ, ಒತ್ತಡ ತಗ್ಗುತ್ತದೆ ಎಂಬುದು ಕೊಟ್ಟ ಕಾರಣ. ತರಗತಿಯಲ್ಲಿ ಹಿಜಾಬ್ ಧರಿಸುವ ಕುರಿತು ಸುಪ್ರೀಂ ಕೋರ್ಟಿನ ಭಿನ್ನ ತೀರ್ಪು ಹೊರಬಿದ್ದು ಆಗಿನ್ನೂ ತಿಂಗಳೂ ತುಂಬಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲಿನ ಸರ್ಕಾರಿ ಶಾಲೆಯೊಂದರ ಕೊಠಡಿಯಲ್ಲಿ ಮಕ್ಕಳು ಶುಕ್ರವಾರದ ನಮಾಜ್ ಮಾಡಿದ್ದು ವಿವಾದವಾಗಿ ಇಲಾಖೆ ವಿಚಾರಣೆ ನಡೆಸಿತ್ತು. ಒಂದನ್ನು ಧಾರ್ಮಿಕವೆಂದು ಶಾಲೆಯ ಹೊರಗಿಡುವ ಸರ್ಕಾರ ಇನ್ನೊಂದನ್ನು ತಾನೇ ಒಳಗೆ ತರುವಾಗ, ಯಾವ ಆಧಾರದ ಮೇಲೆ ಈ ಭೇದ ಎಂದು ಹೇಳಲೇಬೇಕಾಗುತ್ತದೆ.

ಈ ಪ್ರಶ್ನೆಗೆ ಚಿಕ್ಕಬಳ್ಳಾಪುರ ಜಿಲ್ಲೆಯಷ್ಟು ತಕ್ಕ ಜಾಗ ಮತ್ತೊಂದು ಸಿಗುವುದು ಕಷ್ಟ. ಜಿಲ್ಲಾ ಕೇಂದ್ರದ ಸಮೀಪದ ಆವಲಗುರ್ಕಿಯಲ್ಲಿ ಈಶ ಫೌಂಡೇಶನ್ನಿನ 112 ಅಡಿ ಎತ್ತರದ ಆದಿಯೋಗಿ ಪ್ರತಿಮೆ 2023ರ ಜನವರಿ 15ರಂದು ಅನಾವರಣಗೊಂಡಿತು. ವಿಶ್ವೇಶ್ವರಯ್ಯನವರ ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ಸತ್ಯಸಾಯಿ ಗ್ರಾಮವಿದೆ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಯೋಗಿ ನಾರೇಯಣರ, ಜನರ ಬಾಯಲ್ಲಿ ಕೈವಾರ ತಾತಯ್ಯನವರ, ಮಠವಿದೆ. ಇವುಗಳ ನಡುವೆಯೇ ಗೌರಿಬಿದನೂರು ತಾಲ್ಲೂಕಿನ ಹೊಸೂರು ಇದೆ: ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರ ಊರು. ಇದೇ ಜಿಲ್ಲೆಯ ಶಿಡ್ಲಘಟ್ಟದ ತರಗತಿಯಲ್ಲಿ ರೇಷ್ಮೆಗೂಡು ಬೆಳೆಯುವ ರೈತರ ಮಕ್ಕಳೂ, ನೂಲು ತೆಗೆಯುವ ರೀಲರ್‌ಗಳ ಮಕ್ಕಳೂ, ಹಿಂದೂಗಳೂ ಮುಸ್ಲಿಮರೂ ಜೊತೆಗೆ ಕೂರುತ್ತಾರೆ. ಧ್ಯಾನ ಹೇಳಿಕೊಡಲು ಶಾಲೆಗೆ ಯಾರಾದರೂ ಬೇಕೆಂದರೆ ಇಲ್ಲಿ ಸುಲಭವಾಗಿ ಸಿಗುವವರು ಒಂದಲ್ಲ ಒಂದು ಆಶ್ರಮದವರೇ. ಆದ್ದರಿಂದ ಧ್ಯಾನ ಎಂಬ ಹೆಸರನ್ನಷ್ಟೇ ನೋಡಿ ತೀರ್ಮಾನಕ್ಕೆ ಬರುವುದು ತಪ್ಪು. ಆ ಹತ್ತು ನಿಮಿಷದಲ್ಲಿ ಕೊಠಡಿಯಲ್ಲಿ ಏನು ನಡೆಯುತ್ತದೆ ಎಂಬುದೇ ಮುಖ್ಯ.

ಇದಕ್ಕೆ ಅಮೆರಿಕದ ಎರಡು ಮೊಕದ್ದಮೆಗಳು ಸ್ಪಷ್ಟ ಉದಾಹರಣೆ. ಎರಡರ ಬೇರೂ ಭಾರತದಲ್ಲೇ ಇದೆ. ನ್ಯೂಜೆರ್ಸಿಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮಹೇಶ ಯೋಗಿಯವರ ಭಾವಾತೀತ ಧ್ಯಾನವನ್ನು ವಿಜ್ಞಾನವೆಂಬ ಹೆಸರಿನಲ್ಲಿ ಐಚ್ಛಿಕ ಪಾಠವಾಗಿ ಕಲಿಸಲಾಗುತ್ತಿತ್ತು. ಆದರೆ ಮಂತ್ರ ಪಡೆಯಲು ವಿದ್ಯಾರ್ಥಿ ಹಣ್ಣು, ಹೂವು, ಬಿಳಿ ಕರವಸ್ತ್ರ ತರಬೇಕಿತ್ತು. ಅವನ್ನು ಗುರುದೇವ ಬ್ರಹ್ಮಾನಂದ ಸರಸ್ವತಿಯವರ ಚಿತ್ರದ ಮುಂದಿಟ್ಟು ಶಿಕ್ಷಕ ಸಂಸ್ಕೃತದಲ್ಲಿ ಪೂಜೆ ಹಾಡುತ್ತಿದ್ದ. ಈ ಪೂಜೆ ನಡೆಯುತ್ತಿದ್ದುದು ಶಾಲೆಯ ಹೊರಗೆ, ಭಾನುವಾರ. ಆದರೂ 1977ರಲ್ಲಿ ಜಿಲ್ಲಾ ನ್ಯಾಯಾಲಯವೂ 1979ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಇದು ಧಾರ್ಮಿಕವೆಂದೇ ತೀರ್ಪಿತ್ತವು. ಎರಡನೆಯದು ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್ ಪಟ್ಟಣದ ಶಾಲೆಗಳದು. ಅಲ್ಲಿನ ಯೋಗ ತರಗತಿಗೆ ಹಣ ಬಂದದ್ದು ಮೈಸೂರಿನ ಪಟ್ಟಾಭಿ ಜೋಯಿಸರ ಹೆಸರಿನ ಪ್ರತಿಷ್ಠಾನದಿಂದ. ಪೋಷಕರು ಆಕ್ಷೇಪಿಸಿದ ಮೇಲೆ ಶಾಲಾ ಮಂಡಳಿ ಸಂಸ್ಕೃತ ಹೆಸರುಗಳನ್ನು ಕೈಬಿಟ್ಟಿತು. ಪದ್ಮಾಸನಕ್ಕೂ ಮಕ್ಕಳಾಟದ ಹೆಸರೊಂದು ಬಂತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತರಗತಿ ಧಾರ್ಮಿಕವಲ್ಲ ಎಂದಿತು. ಮೂಲ ಒಂದೇ ಪರಂಪರೆಯಾದರೂ ತೀರ್ಪು ಬೇರೆಯಾಯಿತು. ಪದ್ಧತಿ ಎಲ್ಲಿಂದ ಬಂತು ಎಂಬುದಕ್ಕಿಂತ ಮಗುವಿನಿಂದ ಏನು ಮಾಡಿಸಲಾಯಿತು ಎಂಬುದೇ ಅಲ್ಲಿ ನಿರ್ಣಾಯಕವಾಯಿತು.

ನಮ್ಮ ಸಂವಿಧಾನ ಈ ವಿಷಯದಲ್ಲಿ ಇನ್ನೂ ಬಿಗಿ. 28ನೇ ವಿಧಿಯ ಮೊದಲ ಖಂಡದ ಪ್ರಕಾರ, ಪೂರ್ತಿಯಾಗಿ ಸರ್ಕಾರದ ಹಣದಲ್ಲೇ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಅಪ್ರಾಪ್ತ ಮಗುವಿನ ಪೋಷಕರು ಒಪ್ಪಿದರೆ ಆಗಬಹುದೆಂಬ ಅವಕಾಶ ಇರುವುದು ಮೂರನೇ ಖಂಡದಲ್ಲಿ; ಮೊದಲ ಖಂಡದಲ್ಲಿ ಅದಿಲ್ಲ. ಹಾಗಾಗಿ ಮಂತ್ರೋಪದೇಶವನ್ನು ಸರ್ಕಾರಿ ಶಾಲೆಗೆ ತಂದು, ಪೋಷಕರ ಸಹಿ ಪಡೆದಿದ್ದೇವೆ ಎಂದರೆ ಸಾಲದು. ಧಾರ್ಮಿಕ ಬೋಧನೆ ಎಂಬುದಕ್ಕೆ ಸುಪ್ರೀಂ ಕೋರ್ಟು 1971ರ ಡಿ.ಎ.ವಿ. ಕಾಲೇಜು ಪ್ರಕರಣದಲ್ಲೂ 2002ರ ಅರುಣಾ ರಾಯ್ ಪ್ರಕರಣದಲ್ಲೂ ಕಿರಿದಾದ ಅರ್ಥ ಕೊಟ್ಟಿದೆಯಲ್ಲ ಎಂದು ಕೆಲವರು ಕೇಳಬಹುದು. ನಿಜ. ಆದರೆ ಅಲ್ಲಿ ವಿವಾದವಿದ್ದದ್ದು ಗುರುನಾನಕರ ಬಗ್ಗೆ, ಧರ್ಮಗಳ ಬಗ್ಗೆ ಪಾಠ ಹೇಳುವುದರ ಕುರಿತು. ಬುದ್ಧನ ಧ್ಯಾನವನ್ನು ಇತಿಹಾಸದ ಪಾಠದಲ್ಲಿ ಓದುವುದಕ್ಕೂ, ಒಂದು ಮೂರ್ತಿಯ ಮುಂದೆ ಕುಳಿತು ಅದನ್ನು ಮಾಡುವುದಕ್ಕೂ ಬಹಳ ಅಂತರವಿದೆ.

ಧ್ಯಾನಕೇಂದ್ರಗಳು ತಾವು ಯಾವ ಮತಕ್ಕೂ ಸೇರಿದವರಲ್ಲ ಎನ್ನುತ್ತವೆ ಎಂಬುದು ಇನ್ನೊಂದು ವಾದ. 1982ರ ಎಸ್.ಪಿ. ಮಿತ್ತಲ್ ಪ್ರಕರಣದಲ್ಲಿ ಬಹುಮತದ ತೀರ್ಪು ಅರವಿಂದರ ಬೋಧನೆಯನ್ನು ಧರ್ಮವಲ್ಲ, ತತ್ತ್ವಜ್ಞಾನ ಎಂದದ್ದು ಈ ವಾದಕ್ಕೆ ಬಲ ಕೊಡುತ್ತದೆ. ಆದರೂ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅಂದೇ ಇದನ್ನು ಒಪ್ಪಲಿಲ್ಲ. ಸಂಸ್ಥೆ ತನ್ನನ್ನು ಏನೆಂದು ಕರೆದುಕೊಂಡರೂ ಹಣ್ಣು, ಹೂವು, ಮಂತ್ರಗಳು ಬೇರೆಯಾಗುವುದಿಲ್ಲ ಎಂಬುದು ನ್ಯೂಜೆರ್ಸಿಯಲ್ಲಿ ಸಾಬೀತಾಗಿದೆ. ಇದರ ಎದುರು ತುದಿಯಲ್ಲಿ ನಿಂತು, ಧ್ಯಾನವೆಂದರೇ ಹಿಂದೂ ಆಚರಣೆ, ಶಾಲೆಯಲ್ಲಿ ಅದರ ಸುಳಿವೂ ಇರಬಾರದು ಎನ್ನುವುದೂ ಅತಿಯಾಯಿತು. ಉಸಿರನ್ನು ಗಮನಿಸುತ್ತ ಸುಮ್ಮನೆ ಕೂರಲು ಯಾವ ದೇವರನ್ನೂ ಒಪ್ಪಬೇಕಿಲ್ಲ, ಯಾವ ದೇವರನ್ನೂ ಬಿಡಬೇಕಿಲ್ಲ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರ ಜುಲೈಯಲ್ಲಿ ಶುರುವಾದ ಹ್ಯಾಪಿನೆಸ್ ಪಠ್ಯಕ್ರಮದಲ್ಲಿ ಇಂಥ ಅಭ್ಯಾಸವಿತ್ತು.

ಅದರಿಂದ ಪ್ರಯೋಜನವೆಷ್ಟು ಎಂಬುದು ಬೇರೆಯೇ ಪ್ರಶ್ನೆ. ಬ್ರಿಟನ್ನಿನಲ್ಲಿ 8 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಮಿರಿಯಡ್ ಅಧ್ಯಯನದಲ್ಲಿ, ಶಾಲೆಯಲ್ಲಿ ಎಲ್ಲರಿಗೂ ಧ್ಯಾನ ಕಲಿಸಿದ್ದರಿಂದ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಮಾನಸಿಕ ಆರೋಗ್ಯವೇನೂ ಕಾಣಲಿಲ್ಲ. ಅಷ್ಟು ದುರ್ಬಲವಾದ ಲಾಭಕ್ಕಾಗಿ ಒಲ್ಲದ ಮಗುವನ್ನು ಬಲವಂತವಾಗಿ ಕೂರಿಸುವುದು ಸರಿಯಲ್ಲ. ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದು ನಿಂತ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು 1986ರಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಧ್ಯಾನದ ಹೊತ್ತಿನಲ್ಲಿ ಪುಸ್ತಕ ಓದುತ್ತ ಕೂತ ಮಗುವಿಗೂ ಅದೇ ರಕ್ಷಣೆ ಸಲ್ಲಬೇಕು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಧ್ಯಾನದ ತರಗತಿಗೆ ಒಪ್ಪಿಗೆ ಕೊಡುವ ಮೊದಲು, ಹೇಳಿಕೊಡುವವರು ಯಾರು, ಮಕ್ಕಳ ಬಾಯಲ್ಲಿ ಹೇಳಿಸುವುದೇನು, ಬೇಡವೆಂದ ಮಗುವಿನ ಗತಿಯೇನು ಎಂದು ಮುಖ್ಯ ಶಿಕ್ಷಕರನ್ನು ಕೇಳಿ, ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಬೇಕು.