ಈ ಗೆರೆ ಯಾರದು?

ಗೆರೆ ಎಳೆಯುವುದು ಒಂದು ವಿದ್ಯೆ. ಎಳೆದ ನೂರು ಗೆರೆಗಳ ನಡುವೆ ತನಗೆ ಬೇಕಾದ ಒಂದನ್ನು ಬೇರೆಮಾಡಿ ಹಿಡಿಯುವುದು ಇನ್ನೊಂದು ವಿದ್ಯೆ. ಮೊದಲನೆಯದಕ್ಕೆ ಗುರುವುಂಟು, ಶಾಲೆಯುಂಟು, ಪರೀಕ್ಷೆಯುಂಟು. ಎರಡನೆಯದನ್ನು ಯಾರೂ ವಿದ್ಯೆಯೆಂದೇ ಎಣಿಸುವುದಿಲ್ಲ. ಕಾಗದದ ಮೇಲೆ ಬೆರಳಿಟ್ಟು ‘ಇದು’ ಎಂದರಾಯಿತು, ಅದರಲ್ಲೇನು ಹೆಚ್ಚುಗಾರಿಕೆ ಎಂದು ನೀವು ಕೇಳಬಹುದು. ಎದುರಿಗಿರುವವನು ಮನುಷ್ಯನಾಗಿರುವವರೆಗೆ ಆ ಮಾತು ಸರಿಯೇ. ಬೆರಳು ತೋರಿಸಿದ್ದು ಗೋಡೆಯನ್ನೋ, ಗೋಡೆಯಲ್ಲಿರುವ ಕಿಟಕಿಯನ್ನೋ, ಅಥವಾ ಇಡೀ ಮನೆಯನ್ನೋ ಎಂಬುದನ್ನು ಅವನು ನಮ್ಮ ಮುಖ ನೋಡಿ ಊಹಿಸಿಕೊಳ್ಳುತ್ತಾನೆ. ಎದುರಿಗೆ ಯಂತ್ರ ಬಂದು ಕುಳಿತಾಗಲೇ ‘ಇದು’ ಎಂಬ ಎರಡಕ್ಷರದ ಒಳಗೆ ಎಷ್ಟು ತೊಡಕಿದೆಯೆಂಬುದು ಬೆಳಕಿಗೆ ಬರುವುದು. ನಾನು ಇಲ್ಲಿ ಹೇಳಹೊರಟಿರುವುದು ಆ ಎರಡಕ್ಷರದ ಚರಿತ್ರೆಯನ್ನು.

ನಾನು ತೀರ್ಥಹಳ್ಳಿಯ ಸೀಮೆಯವನು. ಹೊಟ್ಟೆಪಾಡಿಗೆ ಹಿಡಿದದ್ದು ನಕ್ಷೆ ಬರೆಯುವ ಕೆಲಸ, ಮೊದಲು ಮಣೆ, ಟಿ-ಸ್ಕ್ವೇರು, ಮೊನೆಮಾಡಿದ ಪೆನ್ಸಿಲು, ಆಮೇಲೆ ಕಂಪ್ಯೂಟರು. ಆದ್ದರಿಂದ ಈ ಚರಿತ್ರೆಯನ್ನು ನಮ್ಮ ಊರಿನ ಕಡೆಯಿಂದಲೇ ಆರಂಭಿಸಿದರೆ ವಾಚಕರು ಬೇಸರಪಡಲಾರರೆಂದು ನಂಬಿದ್ದೇನೆ. ಯಂತ್ರಕ್ಕಿಂತ ಬಹಳ ಹಿಂದೆಯೇ ಅಲ್ಲಿ ಈ ಪ್ರಶ್ನೆ ಹುಟ್ಟಿತ್ತು.

ಕುಪ್ಪಳ್ಳಿಯ ಆಚೀಚೆಯ ಮಲೆನಾಡನ್ನು ಬಲ್ಲವರಿಗೆ ಗೊತ್ತು: ಅಲ್ಲಿ ನೆಲ ಎಲ್ಲಿಯೂ ಚೌಕವಾಗಿಲ್ಲ. ಗುಡ್ಡದ ಸೆರಗಿನಲ್ಲಿ ಗದ್ದೆ, ಕಣಿವೆಯಲ್ಲಿ ಅಡಕೆಯ ತೋಟ, ತೋಟದ ತಲೆಗೆ ಸೊಪ್ಪಿನಬೆಟ್ಟ, ಅದರಾಚೆ ಕಾನು. ಇದರೊಳಗೆ ಒಬ್ಬನ ತುಂಡನ್ನು ಇನ್ನೊಬ್ಬನ ತುಂಡಿನಿಂದ ಬೇರೆಮಾಡಿ ಹೇಳುವುದು ಹೇಗೆ? ಹಿರಿಯರು ಕಂಡುಕೊಂಡ ಉಪಾಯ ಚಕ್ಕುಬಂದಿ. ಮೂಡಲಿಗೆ ಇಂಥವರ ತೋಟ, ಪಡುವಲಿಗೆ ಹಳ್ಳ, ತೆಂಕಲಿಗೆ ದಾರಿ, ಬಡಗಲಿಗೆ ಬಂಡೆ. ಈ ನಾಲ್ಕರ ನಡುವಿನದು ‘ಇದು’. ನಮ್ಮ ಶಾಸನಗಳಲ್ಲಿ ದಾನಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವ ಕ್ರಮವೂ ಇದೇ: ಮರ, ಹುತ್ತ, ಕೆರೆ, ನೆಟ್ಟ ಕಲ್ಲು. ಇಂದಿಗೂ ಕ್ರಯಪತ್ರಗಳು ಇದನ್ನು ಬಿಟ್ಟಿಲ್ಲ. ಇದರ ವೈಶಿಷ್ಟ್ಯವನ್ನು ಗಮನಿಸಬೇಕು. ವಸ್ತುವನ್ನು ಅದರ ನೆರೆಹೊರೆಯಿಂದ ಗುರುತಿಸುವುದೇ ಹೊರತು ಅದಕ್ಕೆ ಅದರದೇ ಆದ ಗುರುತಿಲ್ಲ. ಹಳ್ಳ ಹರಿವು ಬದಲಿಸಿದರೆ, ಮರ ಬಿದ್ದರೆ, ಗುರುತು ಅಲುಗಿತು.

೧೬೪೫ರಿಂದ ೧೬೬೦ರವರೆಗೆ ಬಿದನೂರಿನಲ್ಲಿ ಆಳಿದ ಕೆಳದಿಯ ಶಿವಪ್ಪನಾಯಕನ ‘ಶಿಸ್ತು’ ಈ ಭಾಗದ ನೆಲವನ್ನು ಗುಣಕ್ಕನುಸಾರವಾಗಿ ವರ್ಗಮಾಡಿ ಕಂದಾಯ ಕಟ್ಟಿದ ವ್ಯವಸ್ಥೆ. ಅದರ ಹೆಸರು ಇಂದಿಗೂ ನಮ್ಮ ಜನರ ಬಾಯಲ್ಲಿದೆ. ಆದರೆ ಪ್ರತಿಯೊಂದು ತುಂಡಿಗೂ ಗೆರೆ, ಪ್ರತಿಯೊಂದು ಗೆರೆಗೂ ಲೆಕ್ಕ ಎಂಬುದು ಬಂದದ್ದು ೧೮೬೩ರಲ್ಲಿ, ಮೈಸೂರು ಸೀಮೆಯಲ್ಲಿ ರೆವಿನ್ಯೂ ಸರ್ವೆ ಆರಂಭವಾದಾಗ. ಪದ್ಧತಿ ಮುಂಬಯಿ ಪ್ರಾಂತದ್ದು. ಅಳತೆಗೆ ೩೩ ಅಡಿಯ ಸರಪಳಿ, ಅದಕ್ಕೆ ೧೬ ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕ ಒಂದು ಗುಂಟೆ, ಅಂದರೆ ೧೦೮೯ ಚದರಡಿ. ೪೦ ಗುಂಟೆಗೆ ಒಂದು ಎಕರೆ. ಮೂಲೆಗೆ ಬಾಂದುಕಲ್ಲು ನೆಟ್ಟು, ಅಳತೆಯನ್ನು ಟಿಪ್ಪಣಿಯಲ್ಲಿ ಗುರುತುಹಾಕಿ, ಗ್ರಾಮನಕಾಶೆ ಬರೆದು, ಆವರಿಸಿದ ಪ್ರತಿ ಆಕೃತಿಯೊಳಗೂ ಒಂದು ಅಂಕೆ ಇಟ್ಟರು. ಅದೇ ಸರ್ವೆ ನಂಬರು.

ಈ ನಂಬರು ಒಂದು ಹಿಡಿಕೆ. ತುಂಡನ್ನು ಗುರುತಿಸಲು ಇನ್ನು ನೆರೆಯವನ ಹೆಸರು ಬೇಕಿಲ್ಲ. ಸಾಗರದ ಕಚೇರಿಯಲ್ಲಿ ಕುಳಿತ ಗುಮಾಸ್ತ ಸ್ಥಳವನ್ನು ಕಣ್ಣಿನಿಂದ ಕಾಣದೆಯೇ ಅದನ್ನು ಎತ್ತಿ ಹೇಳಬಲ್ಲ. ಆದರೆ ಹಿಡಿಕೆ ಇದ್ದದ್ದಕ್ಕೆ ಮಾತ್ರ ಈ ಭಾಗ್ಯ. ಅಣ್ಣತಮ್ಮಂದಿರು ಹಿಸ್ಸೆಮಾಡಿಕೊಂಡು ಬೇರೆ ಬೇರೆ ಉಳುತ್ತಿರಬಹುದು, ಪಹಣಿಯಲ್ಲಿ ನಾಲ್ವರ ಹೆಸರೂ ಇರಬಹುದು. ಪೋಡಿಯಾಗಿ ನಕಾಶೆಯಲ್ಲಿ ಗೆರೆ ಬೀಳುವವರೆಗೆ ಆ ನಾಲ್ಕು ತುಂಡುಗಳು ಒಂದೇ ವಸ್ತು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಮುಂದೆ ಇದರಿಂದ ಕೆಲಸವಿದೆ.

ಇನ್ನು ಯಂತ್ರದ ಕಥೆ. ತೆರೆಯ ಮೇಲಿನ ಒಂದು ಚುಕ್ಕೆಯನ್ನು ಕೈಯಿಂದ ಆರಿಸಿ ತೋರಿಸುವ ಪ್ರಯತ್ನ ಮೊದಲು ನಡೆದದ್ದು ೧೯೫೦ರ ದಶಕದ ಅಮೆರಿಕದಲ್ಲಿ, ವಾಯುರಕ್ಷಣೆಯ ಕೆಲಸಕ್ಕಾಗಿ. ರೇಡಾರಿನಲ್ಲಿ ಕಂಡ ವಿಮಾನಗಳಲ್ಲಿ ವಿಚಾರಿಸಬೇಕಾದ ಒಂದರ ಚುಕ್ಕೆಗೆ ಸಿಪಾಯಿ ಪಿಸ್ತೂಲಿನಾಕಾರದ ಒಂದು ಉಪಕರಣವನ್ನು ಗುರಿಯಿಡುತ್ತಿದ್ದ. ನಕ್ಷೆಯ ಕೆಲಸಕ್ಕೆ ಇದೇ ಉಪಾಯವನ್ನು ಒಗ್ಗಿಸಿದವನು ಐವನ್ ಸದರ್ಲೆಂಡ್ ಎಂಬ ತರುಣ. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಗೆ ೧೯೬೩ರಲ್ಲಿ ಅವನು ಒಪ್ಪಿಸಿದ ಪ್ರಬಂಧದ ಹೆಸರು ‘ಸ್ಕೆಚ್‌ಪ್ಯಾಡ್’. ಅದಕ್ಕೆ ಅವನು ಬಳಸಿದ್ದು ಲಿಂಕನ್ ಪ್ರಯೋಗಶಾಲೆಯ ಟಿಎಕ್ಸ್-೨ ಎಂಬ ಗಣಕಯಂತ್ರವನ್ನು. ಬಲಗೈಯಲ್ಲಿ ಬೆಳಕಿನ ಲೇಖನಿ, ಎಡಗೈಯ ಕೆಳಗೆ ಗುಂಡಿಗಳ ಸಾಲು. ಲೇಖನಿಯಿಂದ ಗೆರೆಯನ್ನು ತೋರಿಸಿ ಗುಂಡಿ ಒತ್ತಿದರೆ ಗೆರೆ ಅಳಿಯಿತು.

ಬೆಳಕಿನ ಲೇಖನಿ ಎಂಬ ಹೆಸರು ಕೇಳಿ ಅದು ಬೆಳಕು ಚೆಲ್ಲುತ್ತದೆಂದು ತಿಳಿಯುವವರೇ ಹೆಚ್ಚು. ನಿಜವಾಗಿ ಅದು ಬೆಳಕನ್ನು ಕಾಣುತ್ತದೆ. ಆ ಯಂತ್ರದ ತೆರೆಯ ಮೇಲೆ ಚಿತ್ರ ಒಟ್ಟಿಗೇ ಮೂಡುತ್ತಿರಲಿಲ್ಲ. ಒಂದರ ಹಿಂದೊಂದು ಚುಕ್ಕೆ ಮಿನುಗಿ, ಮಿನುಗಿದ್ದೆಲ್ಲ ಸೇರಿ ನಮ್ಮ ಕಣ್ಣಿಗೆ ಗೆರೆಯಾಗುತ್ತಿತ್ತು. ಲೇಖನಿ ಒಂದು ಮಿನುಗನ್ನು ಕಂಡ ಕ್ಷಣವೇ ‘ಕಂಡೆ’ ಎಂದು ಯಂತ್ರಕ್ಕೆ ಹೇಳುತ್ತಿತ್ತು. ತಾನು ಆ ಕ್ಷಣದಲ್ಲಿ ಯಾವ ಚುಕ್ಕೆಯನ್ನು ಹಚ್ಚುತ್ತಿದ್ದೆನೆಂಬುದು ಯಂತ್ರಕ್ಕೆ ಗೊತ್ತು. ಅಲ್ಲಿಗೆ ಸ್ಥಳ ಸಿಕ್ಕಿತು. ಆದರೆ ಸ್ಥಳ ಸಿಕ್ಕಿದರೆ ಸಾಲದು. ಆ ಚುಕ್ಕೆ ಯಾವ ಗೆರೆಯದು ಎಂದು ತಿಳಿಯಬೇಡವೆ?

ಇಲ್ಲಿಯೇ ಸದರ್ಲೆಂಡನ ಜಾಣ್ಮೆ ಇರುವುದು. ಆ ಯಂತ್ರದ ನೆನಪಿನಲ್ಲಿ ಒಂದೊಂದು ಖಾನೆಗೆ ೩೬ ಬಿಟ್, ಅಂದರೆ ‘ಹೌದು’ ಅಥವಾ ‘ಅಲ್ಲ’ ಎಂಬ ಗುರುತು ಹಿಡಿಯುವ ೩೬ ಮನೆ. ಚುಕ್ಕೆ ತೆರೆಯ ಮೇಲೆ ಎಲ್ಲಿದೆಯೆಂದು ಹೇಳಲು ೨೦ ಮನೆ ಸಾಕು. ಉಳಿದ ೧೬ ಮನೆಗಳಲ್ಲಿ ಅವನು ಆ ಚುಕ್ಕೆ ಹುಟ್ಟಿದ್ದು ಯಾವ ಗೆರೆಯಿಂದ ಅಥವಾ ಯಾವ ವೃತ್ತದಿಂದ ಎಂಬುದರ ವಿಳಾಸವನ್ನು ಬರೆದಿಟ್ಟ. ಪ್ರತಿಯೊಂದು ಚುಕ್ಕೆಯೂ ತಾನೆಲ್ಲಿರುವೆನೆಂಬುದನ್ನೂ ತಾನು ಯಾರ ಮನೆಯವನೆಂಬುದನ್ನೂ ಹೊತ್ತುಕೊಂಡೇ ತೆರೆಗೆ ಬಂತು. ನಮ್ಮ ಹಳ್ಳಿಗಳಲ್ಲಿ ದಾರಿಯಲ್ಲಿ ಸಿಕ್ಕಿದ ಹುಡುಗನನ್ನು ‘ಯಾರ ಮಗನೋ?’ ಎಂದು ಕೇಳುವ ಪದ್ಧತಿಯಿದೆ. ಹುಡುಗ ತಂದೆಯ ಹೆಸರು ಹೇಳಿದರೆ ಇಡೀ ಮನೆತನ ಕಣ್ಣೆದುರಿಗೆ ಬಂತು. ಸದರ್ಲೆಂಡ್ ಚುಕ್ಕೆಗಳಿಗೆ ಕಲಿಸಿದ್ದು ಆ ಉತ್ತರವನ್ನು. ಮನುಷ್ಯನ ಕೈ ನಡುಗುತ್ತದೆಂಬುದೂ ಅವನಿಗೆ ಗೊತ್ತಿತ್ತು. ಲೇಖನಿ ಗೆರೆಯ ಹತ್ತಿರ ಬಂದರೆ ಸಾಕು, ಗೆರೆಯ ಮೇಲೆಯೇ ಇಟ್ಟಂತೆ ಯಂತ್ರ ಭಾವಿಸಿಕೊಳ್ಳುತ್ತಿತ್ತು. ಅಚ್ಚುಕಟ್ಟಿನ ಭಾರ ಯಂತ್ರದ್ದು, ಉದ್ದೇಶ ಮಾತ್ರ ಮನುಷ್ಯನದು.

ಲೇಖನಿಯನ್ನು ಎತ್ತಿಹಿಡಿದು ಎಷ್ಟು ಹೊತ್ತು ಕೂರುವುದು? ತೋಳು ಸೋಲುತ್ತದೆ. ಕ್ಯಾಲಿಫೋರ್ನಿಯದಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಮತ್ತು ಅವನ ಸಂಗಡಿಗರು ತೆರೆಯ ಮೇಲಿನದನ್ನು ಆರಿಸುವುದಕ್ಕೆ ಯಾವ ಉಪಕರಣ ಒಳ್ಳೆಯದೆಂದು ಪರೀಕ್ಷೆಯನ್ನೇ ನಡೆಸಿ, ಫಲವನ್ನು ೧೯೬೭ರಲ್ಲಿ ಪ್ರಕಟಿಸಿದರು. ಬೆಳಕಿನ ಲೇಖನಿ, ಕೋಲು, ಮೊಣಕಾಲಿನಿಂದ ಆಡಿಸುವ ಒಂದು ಸಾಧನ, ಇವುಗಳ ಜೊತೆಗೆ ಮರದ ಪೆಟ್ಟಿಗೆಯ ಅಡಿಗೆ ಗಾಲಿ ಹಾಕಿದ ಅವರದೇ ಒಂದು ಆಟಿಕೆ. ಕೈ ಪಳಗಿದವರಲ್ಲಿ ಗೆದ್ದದ್ದು ಆ ಆಟಿಕೆಯೇ. ಇಂದು ಜಗತ್ತೆಲ್ಲ ‘ಮೌಸ್’ ಎನ್ನುವುದು ಅದನ್ನು. ಅದು ಆರಿಸುವುದಕ್ಕಾಗಿಯೇ ಹುಟ್ಟಿದ ಸಾಧನವೆಂಬುದನ್ನು ಬಹಳ ಮಂದಿ ಮರೆತಿದ್ದಾರೆ.

ಇಷ್ಟೆಲ್ಲ ದೊಡ್ಡ ಪ್ರಯೋಗಶಾಲೆಗಳ ವೈಭವ. ನಮ್ಮಂಥವರ ಮೇಜಿಗೆ ಅದನ್ನು ಇಳಿಸಿದ್ದು ಜಾನ್ ವಾಕರ್ ಮತ್ತು ಅವನ ಗೆಳೆಯರು ೧೯೮೨ರಲ್ಲಿ ಹೊರತಂದ ‘ಆಟೋಕ್ಯಾಡ್’. ಅದರಲ್ಲಿ ಏನು ಮಾಡಹೋದರೂ ಮೊದಲು ಎದುರಾಗುವ ಮಾತು ‘ಸೆಲೆಕ್ಟ್ ಆಬ್ಜೆಕ್ಟ್ಸ್’, ಅಂದರೆ ಯಾವುದನ್ನು ಎಂದು ಹೇಳು. ಒಂದೊಂದನ್ನೇ ಹಿಡಿಯಲು ಪುಟ್ಟ ಚೌಕ. ಹಲವನ್ನು ಒಟ್ಟಿಗೆ ಹಿಡಿಯಬೇಕಾದರೆ ಚಿತ್ರದ ಮೇಲೆ ಒಂದು ದೊಡ್ಡ ಚೌಕವನ್ನು ಎಳೆಯಬೇಕು. ಎಡದಿಂದ ಬಲಕ್ಕೆ ಎಳೆದರೆ ಅದು ನೀಲಿ. ಪೂರ್ತಿಯಾಗಿ ಒಳಗೆ ಬಂದ ವಸ್ತುಗಳು ಮಾತ್ರ ಸೇರುತ್ತವೆ. ಬಲದಿಂದ ಎಡಕ್ಕೆ ಎಳೆದರೆ ಹಸುರು. ಒಳಗಿನವಲ್ಲದೆ ಅಂಚು ತಾಗಿದವೂ ಸೇರುತ್ತವೆ. ಮೊದಲನೆಯದು ‘ವಿಂಡೋ’, ಎರಡನೆಯದು ‘ಕ್ರಾಸಿಂಗ್’. ಒಂದೇ ಚಿತ್ರ, ಒಂದೇ ಚೌಕ. ಕೈ ಹೋದ ದಿಕ್ಕು ಬೇರೆಯಾದರೆ ಸಿಕ್ಕುವ ಗುಂಪೇ ಬೇರೆ. ಹೊಸಬರು ಇಲ್ಲಿ ಮುಗ್ಗರಿಸುತ್ತಾರೆ. ನಾಲ್ಕು ಕಂಬ ಸರಿಸಲು ಹೋಗಿ ಅವುಗಳ ಜೊತೆಗೆ ಇಡೀ ಗೋಡೆಯನ್ನು ಎಳೆದುಕೊಂಡು ಬಂದ ಶಿಷ್ಯರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಈಗ ಕುಪ್ಪಳ್ಳಿಯ ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಕುವೆಂಪು ಬೆಳೆದ ಆ ಮೂರಂತಸ್ತಿನ ಮನೆ ಈಗ ಸ್ಮಾರಕ. ನೋಡಿದವರು ಬಹಳ ಮಂದಿ. ದಪ್ಪ ಮರದ ಕಂಬಗಳು, ಸುತ್ತ ಜಗಲಿ, ನಡುವೆ ಆಕಾಶಕ್ಕೆ ತೆರೆದ ಅಂಗಳ. ಇಂಥದೊಂದು ಮನೆಯ ನಕ್ಷೆಯನ್ನು ಗೆರೆಗಳಲ್ಲಿ ಬರೆದು ತೆರೆಯ ಮೇಲಿಟ್ಟರೆ ಕಂಬವನ್ನು ಹಿಡಿಯಬಹುದು, ಬಾಗಿಲನ್ನು ಹಿಡಿಯಬಹುದು, ಜಗಲಿಯ ಅಂಚನ್ನು ಹಿಡಿಯಬಹುದು. ಅಂಗಳವನ್ನು ಮಾತ್ರ ಹಿಡಿಯಲಾಗುವುದಿಲ್ಲ. ಅದರ ನಟ್ಟನಡುವೆ ಬಾಣವಿಟ್ಟು ಒತ್ತಿ, ಯಂತ್ರಕ್ಕೆ ಅಲ್ಲಿ ಏನೂ ಕಾಣದು. ಮಳೆ ಸುರಿಯುವುದು ಅಲ್ಲಿ, ಬೆಳಕು ಇಳಿಯುವುದು ಅಲ್ಲಿ, ಮನೆಯ ಜೀವವಿರುವುದು ಅಲ್ಲಿ. ಆದರೂ ಅದಕ್ಕೆ ಸ್ವಂತದ ಗೆರೆಯೊಂದೂ ಇಲ್ಲ. ಸುತ್ತಲಿನ ಗೆರೆಗಳೆಲ್ಲ ಜಗಲಿಯವು. ಅಂಗಳವೂ ಒಂದು ವಸ್ತುವಾಗಬೇಕಾದರೆ ನಕ್ಷೆಗಾರ ಅದರ ಸುತ್ತ ಬಾಯಿ ಮುಚ್ಚಿದ ಬೇರೊಂದು ಆಕೃತಿಯನ್ನು ಎಳೆದು, ಅದಕ್ಕೆ ಹೆಸರಿಡಬೇಕು. ಆಮೇಲೆ ಯಂತ್ರ ‘ಅಂಗಳವೆ? ಇಲ್ಲಿದೆ, ಇಷ್ಟು ಚದರಡಿ’ ಎಂದು ವಿನಯದಿಂದ ಹೇಳುತ್ತದೆ. ಇದ್ದದ್ದನ್ನೆಲ್ಲ ಆರಿಸಿಕೊಳ್ಳಬಹುದೆಂಬುದು ನಮ್ಮ ಭ್ರಮೆ. ಮೊದಲೇ ಯಾರೋ ಬೇರೆಮಾಡಿ ಇಟ್ಟದ್ದನ್ನಷ್ಟೇ ನಾವು ಆರಿಸಿಕೊಳ್ಳಬಲ್ಲೆವು.

ಇದು ನಕ್ಷೆಗಾರರ ಒಳಮಾತಾಗಿ ಉಳಿದಿದ್ದರೆ ನಾನು ವಾಚಕರ ಮುಂದೆ ತರುತ್ತಿರಲಿಲ್ಲ. ಆದರೆ ನಮ್ಮ ನೆಲವೆಲ್ಲ ಈಗ ಇದೇ ಬಗೆಯ ನಕ್ಷೆಯಾಗುತ್ತಿದೆ. ೨೦೦೦ದ ಸುಮಾರಿಗೆ ‘ಭೂಮಿ’ ಯೋಜನೆ ರಾಜ್ಯದ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಏರಿದ್ದು ಅಕ್ಷರ, ಅಂಕೆ. ಗೆರೆಗಳ ಸರದಿ ಆಮೇಲೆ. ಹಳೆಯ ನಕಾಶೆಯ ಫೋಟೋ ತೆಗೆದು ಯಂತ್ರಕ್ಕೆ ಹಾಕಿದರೆ ಅದು ಬರಿಯ ಕಲೆಗಳ ರಾಶಿ. ಯಾವ ಚುಕ್ಕೆಗೂ ತನ್ನ ಮನೆತನ ಗೊತ್ತಿಲ್ಲ. ಪ್ರತಿ ತುಂಡಿನ ಎಲ್ಲೆಯನ್ನೂ ಮತ್ತೆ ಎಳೆದು, ಬಾಯಿ ಮುಚ್ಚಿ, ನಂಬರಿಗೆ ಕಟ್ಟಿದ ಮೇಲೆಯೇ ಅದು ಮುಟ್ಟಿದರೆ ಉತ್ತರ ಕೊಡುವ ವಸ್ತುವಾಗುವುದು. ಇಂದು ‘ದಿಶಾಂಕ್’ ಎಂಬ ಆ್ಯಪನ್ನು ಮೊಬೈಲಿನಲ್ಲಿ ತೆರೆದು ಗದ್ದೆಯ ಬದುವಿನ ಮೇಲೆ ನಿಂತರೆ ಕಾಲಕೆಳಗಿನ ಸರ್ವೆ ನಂಬರು ತಿಳಿಯುತ್ತದೆ. ೨೦೨೦ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸ್ವಾಮಿತ್ವ’ ಯೋಜನೆಯಲ್ಲಿ ಹಳ್ಳಿಯ ಮನೆಜಾಗಗಳನ್ನೂ ಡ್ರೋನಿನಿಂದ ಅಳೆಯತೊಡಗಿದರು. ಒಳ್ಳೆಯ ಕೆಲಸವೇ. ಆದರೆ ಪೋಡಿಯಾಗದ ನಾಲ್ವರು ಅಣ್ಣತಮ್ಮಂದಿರನ್ನು ಮರೆಯಬೇಡಿ. ಯಂತ್ರವನ್ನು ಮುಟ್ಟಿದರೆ ನಾಲ್ವರ ನೆಲವೂ ಒಟ್ಟಿಗೇ ಬೆಳಗುತ್ತದೆ.

ಅದಕ್ಕಿಂತಲೂ ಕಠಿಣವಾದ ಕಥೆ ನಮ್ಮ ಪಕ್ಕದ ತಾಲ್ಲೂಕುಗಳದು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು ೧೯೬೪ರಲ್ಲಿ ಮುಗಿಯಿತು. ಸಾಗರ, ಹೊಸನಗರಗಳ ಎಷ್ಟೋ ಊರುಗಳು ನೀರಿಗಿಳಿದುವು. ಮುಳುಗಡೆಯ ನೀರಿನ ಅಂಚೂ ನಕಾಶೆಯ ಮೇಲೆ ಎಳೆದ ಒಂದು ಗೆರೆಯೇ ತಾನೆ! ಪೂರ್ತಿ ಒಳಗಾದವರು ಮಾತ್ರ ಕಳೆದುಕೊಂಡವರೋ, ಅಂಚು ತಾಗಿದವರೂ ಕಳೆದುಕೊಂಡವರೋ? ಗದ್ದೆ ಮುಳುಗಿ ಮನೆ ಉಳಿದವನು, ಮನೆಯೂ ತೋಟವೂ ಉಳಿದು ದಾರಿ ಮುಳುಗಿದವನು, ಇವರು ಯಾವ ಲೆಕ್ಕ? ನೀಲಿ ಚೌಕ, ಹಸುರು ಚೌಕಗಳ ಭೇದ ಇಲ್ಲಿ ಬರಿಯ ಕೈಚಳಕದ ಮಾತಲ್ಲ, ಒಂದು ಸಂಸಾರದ ಅನ್ನದ ಮಾತು. ಎದ್ದು ಬಂದವರಿಗೆ ಕಾಡಿನಲ್ಲಿ ಜಾಗ ಕೊಟ್ಟರು. ಅವರು ಗದ್ದೆ ಮಾಡಿದರು, ಮನೆ ಕಟ್ಟಿದರು, ಮಕ್ಕಳು ಮೊಮ್ಮಕ್ಕಳನ್ನು ಕಂಡರು. ಎಷ್ಟೋ ಕಡೆ ಕಾಗದ ಮಾತ್ರ ಅದನ್ನು ಅರಣ್ಯವೆಂದೇ ಕರೆಯುತ್ತ ಬಂತು. ಅಂಥ ಕಡೆ ಆ ಮನೆಯ ಮೇಲೆ ಬೆರಳಿಟ್ಟರೆ ಯಂತ್ರ ಎತ್ತಿ ತೋರಿಸುವುದು ಮನೆಯನ್ನಲ್ಲ, ಇಡೀ ಕಾಡನ್ನು. ಒಲೆಯ ಹೊಗೆ ಏಳುತ್ತಿದೆ. ನಕ್ಷೆಯಲ್ಲಿ ಅಂಥ ವಸ್ತುವಿಲ್ಲ.

ಇದರಲ್ಲಿ ಯಂತ್ರದ ಅಪರಾಧವೇನೂ ಇಲ್ಲ. ಸದರ್ಲೆಂಡನ ದಿನದಿಂದ ಇಂದಿನವರೆಗೆ ಅದು ಒಂದೇ ನಿಯಮವನ್ನು ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದೆ: ನನಗೆ ಹೇಳಿಕೊಟ್ಟಿದ್ದರೆ ಹೇಳುತ್ತೇನೆ. ಹೇಳಿಕೊಡಬೇಕಾದವರು ನಾವು. ಚಕ್ಕುಬಂದಿಯ ಕಾಲದಲ್ಲಿ ನಾಲ್ಕು ದಿಕ್ಕಿನ ನೆರೆಯವರು ಸಾಕ್ಷಿ ನಿಂತು ‘ಹೌದು, ಇದು ಇವನದು’ ಎಂದರೆ ವಸ್ತು ಹುಟ್ಟುತ್ತಿತ್ತು. ಇಂದು ಭೂಮಾಪಕನೋ ನಕ್ಷೆಗಾರನೋ ಗೆರೆಯ ಬಾಯಿ ಮುಚ್ಚಿದರೆ ಹುಟ್ಟುತ್ತದೆ. ಆದಕಾರಣ ಈ ಕಸುಬಿಗೆ ಬರುವ ತರುಣರಿಗೆ ನಾನು ಮೊದಲ ದಿನವೇ ಹೇಳುವುದು ಇಷ್ಟು: ಗೆರೆ ಎಳೆಯುವ ಮುಂಚೆ ಸ್ಥಳಕ್ಕೆ ಹೋಗಿ, ಅಲ್ಲಿ ಏನೇನಿದೆಯೆಂದು ನೋಡಿ, ಇದ್ದವರನ್ನು ಕೇಳಿ. ನೀವು ಬೇರೆಮಾಡದೆ ಬಿಟ್ಟದ್ದನ್ನು ನಿಮ್ಮ ಹಿಂದೆ ಬಂದವನು ಎಷ್ಟು ಹುಡುಕಿದರೂ ಆರಿಸಿಕೊಳ್ಳಲಾರ.