ಮನೆಗೆ ಬಂದ ಒಂದೇ ಎಳೆ: ರೂಟರ್ ಅಳವಡಿಕೆ ಮತ್ತು ಅಂತರ್ಜಾಲದ ಹಂಚಿಕೆ

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾರ್ಗಲ್, ಶರಾವತಿ ಜಲವಿದ್ಯುತ್ ಯೋಜನೆಯ ಜತೆಜತೆಗೇ ಬೆಳೆದ ಪಟ್ಟಣ. ಜೋಗ ಜಲಪಾತವೂ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯೂ ಅದರ ನೆರೆಯಲ್ಲೇ ಇವೆ. ನಾಡಿಗೆ ಬೆಳಕು ಹಂಚಿದ ಈ ಸೀಮೆಗೆ ಅಂತರ್ಜಾಲ ಮಾತ್ರ ತಡವಾಗಿ ಬಂದಿತು. ಹಿನ್ನೀರಿನಾಚೆಯ ಕರೂರು ಸೀಮೆಯ ಗ್ರಾಮಸ್ಥರು ಮೊಬೈಲ್ ಸಂಪರ್ಕಕ್ಕಾಗಿ 2021ರಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಅಭಿಯಾನವನ್ನೇ ನಡೆಸಬೇಕಾಯಿತು. ಕೋವಿಡ್ ಕಾಲದಲ್ಲಿ ಸಿಗ್ನಲ್ ಅರಸಿ ಗುಡ್ಡ ಹತ್ತಿದ ಮಲೆನಾಡಿನ ಮಕ್ಕಳ ಚಿತ್ರಗಳನ್ನು ಓದುಗರು ಮರೆತಿರಲಾರರು.

ಮೊಬೈಲ್ ಸಿಗ್ನಲ್ ದುರ್ಬಲವಾಗಿರುವ ಇಂಥ ಊರುಗಳಲ್ಲಿ ಮನೆಗೆ ಎಳೆದು ತಂದ ಕೇಬಲ್ ಸಂಪರ್ಕವೇ ಎಲ್ಲರಿಗೂ ಆಧಾರ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ದುಡಿಯುವ ಮಗಳು, ಆನ್‌ಲೈನ್ ಪಾಠ ಕೇಳುವ ಮೊಮ್ಮಗ, ಅಡಿಕೆ ಧಾರಣೆ ನೋಡುವ ಯಜಮಾನರು, ಅಂಗಳದ ಸಿಸಿಟಿವಿ, ಜೋಗ ನೋಡಲು ಬಂದು ಹೋಂಸ್ಟೇಯಲ್ಲಿ ತಂಗಿದ ಅತಿಥಿಗಳು ಎಲ್ಲರ ಪಾಲೂ ಆ ಒಂದೇ ಎಳೆಯಿಂದ ಬರಬೇಕು. ಹೀಗೆ ಪಾಲು ಮಾಡಿಕೊಡುವ ಸಾಧನವೇ ರೂಟರ್. ತಿಂಗಳ ಬಾಡಿಗೆ ಎಷ್ಟೇ ಹೆಚ್ಚಿಸಿದರೂ ರೂಟರ್ ಇಟ್ಟ ಜಾಗ ಸರಿಯಿಲ್ಲದಿದ್ದರೆ ಒಳಕೋಣೆಯವರಿಗೆ ಪ್ರಯೋಜನವಾಗದು ಎಂಬುದು ಹಲವರ ಗಮನಕ್ಕೆ ಬಂದಿರುವುದಿಲ್ಲ.

ತಾಮ್ರದಿಂದ ಗಾಜಿನೆಳೆಗೆ

ಬಿಎಸ್‌ಎನ್‌ಎಲ್ ಸಂಸ್ಥೆಯು ‘ಡೇಟಾಒನ್’ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿದ್ದು 2005ರ ಜನವರಿಯಲ್ಲಿ. ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನೇ ಅಂದು ಬ್ರಾಡ್‌ಬ್ಯಾಂಡ್ ಎಂದು ಕರೆಯಲಾಗುತ್ತಿತ್ತು. ಕೇಂದ್ರ ಸರ್ಕಾರ ಈ ಕನಿಷ್ಠ ಮಿತಿಯನ್ನು 2023ರಲ್ಲಿ 2 ಮೆಗಾಬಿಟ್‌ಗೆ ಏರಿಸಿತು. ಡೇಟಾಒನ್ ಬಳಸುತ್ತಿದ್ದುದು ದೂರವಾಣಿಯ ತಾಮ್ರದ ತಂತಿಯನ್ನೇ. ದೂರ ಹೆಚ್ಚಿದಂತೆ ತಾಮ್ರದಲ್ಲಿ ಸಂಕೇತ ಕ್ಷೀಣಿಸುತ್ತದೆ. ವಿನಿಮಯ ಕೇಂದ್ರದಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಸಂಪರ್ಕ ನಿಲ್ಲುವುದೇ ಕಷ್ಟ. ತೋಟದ ನಡುವೆ ಒಂಟಿಮನೆಗಳೇ ಹೆಚ್ಚಾಗಿರುವ ಮಲೆನಾಡಿಗೆ ಆ ತಂತ್ರಜ್ಞಾನ ಸರಿಹೊಂದದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಗಾಜಿನೆಳೆ, ಅಂದರೆ ಆಪ್ಟಿಕಲ್ ಫೈಬರ್, ಬೆಳಕಿನ ಮೂಲಕ ಮಾಹಿತಿಯನ್ನು ಸಾಗಿಸುತ್ತದೆ. ಮನೆಗಳಿಗೆ ಫೈಬರ್ ನೀಡಲು ಬಳಸುವ ‘ಜಿಪಾನ್’ ವ್ಯವಸ್ಥೆಯಲ್ಲಿ ಸಂಕೇತ 20 ಕಿಲೋಮೀಟರ್ ವರೆಗೂ ಹೋಗಬಲ್ಲದು. ಒಂದು ಎಳೆಯನ್ನು ದಾರಿಯಲ್ಲಿ ಕವಲೊಡೆಸಿ 32 ಅಥವಾ 64 ಮನೆಗಳಿಗೆ ಕೊಡಲಾಗುತ್ತದೆ. ಮನೆಯ ಗೋಡೆಯ ಮೇಲೆ ಸಿಬ್ಬಂದಿ ಕೂರಿಸಿ ಹೋಗುವ ಪೆಟ್ಟಿಗೆಯ ಹೆಸರು ಓಎನ್‌ಟಿ. ಬೆಳಕನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುವುದು ಅದರ ಕೆಲಸ. ಜನ ಇದನ್ನು ‘ಮೋಡೆಮ್’ ಎಂದೇ ಕರೆಯುತ್ತಾರೆ. ಈಗಿನ ಬಹುತೇಕ ಓಎನ್‌ಟಿಗಳಲ್ಲಿ ರೂಟರ್ ಮತ್ತು ವೈ-ಫೈ ಎರಡೂ ಅಡಕವಾಗಿರುವುದರಿಂದ ಸಣ್ಣ ಮನೆಗೆ ಬೇರೆ ರೂಟರ್ ಕೊಳ್ಳಬೇಕಾದ ಅಗತ್ಯವೇ ಇಲ್ಲ.

ಒಂದು ವಿಳಾಸ, ಹಲವು ಮಂದಿ

ಸೇವಾ ಸಂಸ್ಥೆ ಒಂದು ಸಂಪರ್ಕಕ್ಕೆ ಸಾಮಾನ್ಯವಾಗಿ ಒಂದೇ ಐಪಿ ವಿಳಾಸ ಕೊಡುತ್ತದೆ. ಮನೆಯೊಳಗಿನ ಹತ್ತು ಉಪಕರಣಗಳಿಗೆ ರೂಟರ್ ತಾನೇ 192.168 ಎಂದು ಆರಂಭವಾಗುವ ಖಾಸಗಿ ವಿಳಾಸಗಳನ್ನು ಹಂಚುತ್ತದೆ. ಈ ಹಂಚಿಕೆಗೆ ಡಿಎಚ್‌ಸಿಪಿ ಎಂದು ಹೆಸರು. ಹೊರಗೆ ಹೋಗುವ ಪ್ರತಿಯೊಂದು ಕೋರಿಕೆಯ ಮೇಲೂ ರೂಟರ್ ಹೊರಗಿನ ವಿಳಾಸವನ್ನು ಬರೆದು, ಅದು ಯಾರದ್ದೆಂದು ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಉತ್ತರ ಬಂದಾಗ ಸರಿಯಾದವರಿಗೆ ತಲುಪಿಸುತ್ತದೆ. ಇದು ನ್ಯಾಟ್. ಕೂಡುಕುಟುಂಬದ ಎಲ್ಲರ ಪತ್ರಗಳೂ ಯಜಮಾನರ ವಿಳಾಸಕ್ಕೆ ಬಂದು, ಜಗಲಿಯಲ್ಲಿ ವಿಂಗಡಣೆಯಾಗುತ್ತಿದ್ದ ಹಾಗೆ.

ಈ ಕೆಲಸವನ್ನು ಹಿಂದೆ ಗಣಕಯಂತ್ರವೇ ಮಾಡುತ್ತಿದ್ದ ಕಾಲವೂ ಇತ್ತು. 1999ರ ವಿಂಡೋಸ್ 98 ಎರಡನೇ ಆವೃತ್ತಿಯಲ್ಲಿ ಸಂಪರ್ಕ ಹಂಚಿಕೊಳ್ಳುವ ಸೌಲಭ್ಯ ಬಂದಿತ್ತು. ಆದರೆ ಆ ಗಣಕವನ್ನು ಆರಿಸಿದರೆ ಮನೆಯವರೆಲ್ಲರ ಅಂತರ್ಜಾಲವೂ ಆರುತ್ತಿತ್ತು.

ಅಳವಡಿಸುವ ಕ್ರಮ

ಪ್ರತ್ಯೇಕ ರೂಟರ್ ಕೊಂಡವರು ಓಎನ್‌ಟಿಯ ಲ್ಯಾನ್ ಕಿಂಡಿಯಿಂದ ಹೊಸ ರೂಟರಿನ ‘ವ್ಯಾನ್’ ಎಂದು ಗುರುತಿಸಿದ ಕಿಂಡಿಗೆ ಕೇಬಲ್ ಜೋಡಿಸಬೇಕು. ವ್ಯಾನ್ ಕಿಂಡಿ ಸಾಮಾನ್ಯವಾಗಿ ಬೇರೆ ಬಣ್ಣದ್ದಾಗಿರುತ್ತದೆ. ನಂತರ ಗಣಕ ಅಥವಾ ಮೊಬೈಲಿನ ಬ್ರೌಸರಿನಲ್ಲಿ, ರೂಟರಿನ ತಳಭಾಗದ ಚೀಟಿಯಲ್ಲಿ ನಮೂದಿಸಿರುವ ವಿಳಾಸವನ್ನು ಬರೆದರೆ ಅದರ ನಿರ್ವಹಣಾ ಪುಟ ತೆರೆದುಕೊಳ್ಳುತ್ತದೆ. 192.168.1.1 ಅಥವಾ 192.168.0.1 ಸಾಮಾನ್ಯವಾಗಿ ಕಾಣಸಿಗುವ ವಿಳಾಸಗಳು. ಸೇವಾ ಸಂಸ್ಥೆ ಪಿಪಿಪಿಒಇ ಪದ್ಧತಿಯನ್ನು ಬಳಸುತ್ತಿದ್ದರೆ ಅದಕ್ಕೊಂದು ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಇರುತ್ತದೆ. ಸಂಪರ್ಕ ಕೊಡಲು ಬಂದವರಿಂದ ಅಂದೇ ಅದನ್ನು ಕೇಳಿ ಬರೆದಿಟ್ಟುಕೊಳ್ಳುವುದು ಒಳಿತು. ಯಾರಾದರೂ ರೀಸೆಟ್ ಗುಂಡಿ ಒತ್ತಿದ ದಿನ ಈ ಎರಡು ಸಾಲುಗಳಿಗಾಗಿ ಊರೆಲ್ಲ ಹುಡುಕಬೇಕಾಗುತ್ತದೆ.

ಎರಡು ಪೆಟ್ಟಿಗೆಗಳೂ ರೂಟರಿನಂತೆ ಕೆಲಸ ಮಾಡತೊಡಗಿದರೆ ಮಾಹಿತಿ ಎರಡು ಬಾರಿ ವಿಳಾಸ ಬದಲಿಸಿಕೊಳ್ಳುತ್ತದೆ. ಜಾಲತಾಣ ನೋಡಲು ಇದರಿಂದ ತೊಂದರೆಯಿಲ್ಲ. ಆದರೆ ಕೆಲವು ಆಟಗಳು, ಕಚೇರಿಯ ವಿಪಿಎನ್, ಮನೆಯ ಒಂದು ಭಾಗದಲ್ಲಿರುವ ಪ್ರಿಂಟರ್ ಇವು ಕೈಕೊಡಬಹುದು. ಓಎನ್‌ಟಿಯನ್ನು ‘ಬ್ರಿಡ್ಜ್’ ಸ್ಥಿತಿಗೆ ಬದಲಿಸಲು ಸೇವಾ ಸಂಸ್ಥೆಯನ್ನು ಕೋರುವುದು ಒಂದು ದಾರಿ. ಹೊಸ ರೂಟರನ್ನು ಕೇವಲ ‘ಆಕ್ಸೆಸ್ ಪಾಯಿಂಟ್’ ಆಗಿ ಬಳಸುವುದು ಇನ್ನೊಂದು, ಇದು ಸುಲಭದ್ದು.

ಜಂಬಿಟ್ಟಿಗೆ ಗೋಡೆ ಮತ್ತು ಐದು ಗಿಗಾಹರ್ಟ್ಸ್

ನಗರದ ಎರಡು ಕೋಣೆಗಳ ಫ್ಲಾಟಿಗೂ ಮಲೆನಾಡಿನ ಹಳೆಯ ಮನೆಗೂ ಇರುವ ಅಂತರ ವೈ-ಫೈ ವಿಷಯದಲ್ಲಿ ಚೆನ್ನಾಗಿ ಅನುಭವಕ್ಕೆ ಬರುತ್ತದೆ. ಜಂಬಿಟ್ಟಿಗೆ ಕಲ್ಲಿನ ಅಥವಾ ಮಣ್ಣಿನ ದಪ್ಪ ಗೋಡೆಗಳು ರೇಡಿಯೋ ತರಂಗಗಳನ್ನು ಹೀರುತ್ತವೆ. ಗೋಡೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು ಹೀರುತ್ತವೆ. ನೀರು ಈ ತರಂಗಗಳ ಶತ್ರು. ಇಲ್ಲಿ ಗೋಡೆ ಒಣಗಿರುವುದಾದರೂ ವರ್ಷದಲ್ಲಿ ಎಷ್ಟು ತಿಂಗಳು?

ರೂಟರುಗಳು ಸಾಮಾನ್ಯವಾಗಿ ಎರಡು ತರಂಗಪಟ್ಟಿಗಳಲ್ಲಿ ಪ್ರಸಾರ ಮಾಡುತ್ತವೆ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ಗೋಡೆ ದಾಟುವ ಶಕ್ತಿ ಹೆಚ್ಚು. 5 ಗಿಗಾಹರ್ಟ್ಸ್ ವೇಗ, ಆದರೆ ಒಂದೆರಡು ಗೋಡೆಗಳಿಗೇ ಸೋಲುತ್ತದೆ. ಪೆಟ್ಟಿಗೆ ಇರುವ ಕೋಣೆಯಲ್ಲೇ ದೂರದರ್ಶನ ಅಥವಾ ಲ್ಯಾಪ್‌ಟಾಪ್ ಇದ್ದರೆ ಅದನ್ನು 5ಕ್ಕೂ, ಅಡುಗೆಮನೆಯ ಮತ್ತು ಅಟ್ಟದ ಮೊಬೈಲುಗಳನ್ನು 2.4ಕ್ಕೂ ಜೋಡಿಸುವುದು ಸೂಕ್ತ. ಕೇಬಲ್ ಒಳಗೆ ಬರುವ ಕಿಟಕಿಯ ಮೂಲೆಯಲ್ಲೇ ರೂಟರನ್ನು ಕೂರಿಸುವುದು ಸಿಬ್ಬಂದಿಗೆ ಅನುಕೂಲ, ಮನೆಯವರಿಗೆ ಅಲ್ಲ. ಹಾಗೆ ಮಾಡಿದರೆ ಅರ್ಧದಷ್ಟು ತರಂಗ ಅಂಗಳಕ್ಕೂ ತೋಟಕ್ಕೂ ಹೋಗುತ್ತದೆ. ಮನೆಯ ನಡುಭಾಗದಲ್ಲಿ, ಆಳೆತ್ತರಕ್ಕೆ, ಕಬ್ಬಿಣದ ಕಪಾಟು ಮತ್ತು ಫ್ರಿಜ್ಜಿನಿಂದ ದೂರವಿರುವ ಜಾಗವನ್ನು ಕೇಳಿ ಪಡೆಯಬೇಕು.

ಇಷ್ಟಾದರೂ ತಲುಪದ ಕೋಣೆಗಳಿಗೆ ಎರಡನೇ ರೂಟರ್ ಬೇಕು. ಹಳೆಯದೊಂದು ಮನೆಯಲ್ಲಿದ್ದರೆ ಅದೇ ಸಾಕು. ಅದರ ನಿರ್ವಹಣಾ ಪುಟದಲ್ಲಿ ವಿಳಾಸವನ್ನು 192.168.1.2 ಎಂದು ಬದಲಿಸಿ (ಮೊದಲನೆಯದು 192.168.1.1 ಆಗಿದ್ದ ಪಕ್ಷದಲ್ಲಿ), ಡಿಎಚ್‌ಸಿಪಿಯನ್ನು ನಿಲ್ಲಿಸಿ, ಮೊದಲ ರೂಟರಿನ ಲ್ಯಾನ್ ಕಿಂಡಿಯಿಂದ ಎರಡನೆಯದರ ಲ್ಯಾನ್ ಕಿಂಡಿಗೇ ಕೇಬಲ್ ಎಳೆಯಬೇಕು. ಇಲ್ಲಿ ವ್ಯಾನ್ ಕಿಂಡಿಯನ್ನು ಮುಟ್ಟಬಾರದು. ಡಿಎಚ್‌ಸಿಪಿ ನಿಲ್ಲಿಸುವುದನ್ನು ಮರೆತರೆ ಇಬ್ಬರು ವಿಳಾಸ ಹಂಚತೊಡಗುತ್ತಾರೆ. ಒಮ್ಮೆ ಸಂಪರ್ಕ ಸಿಗುವುದು, ಒಮ್ಮೆ ಸಿಗದಿರುವುದು ಎಂಬ ಬಗೆಹರಿಯದ ರಗಳೆ ಶುರುವಾಗುತ್ತದೆ. ಈಥರ್‌ನೆಟ್ ಕೇಬಲ್ಲಿನ ಮಿತಿ 100 ಮೀಟರ್. ತಂತಿಯಿಲ್ಲದೆ ಮರುಪ್ರಸಾರ ಮಾಡುವ ಸಾಧನಗಳು ಮಾರುಕಟ್ಟೆಯಲ್ಲಿವೆಯಾದರೂ ಅಗ್ಗದವು ಬಹುಮಟ್ಟಿಗೆ ವೇಗವನ್ನು ಅರ್ಧಕ್ಕಿಳಿಸುತ್ತವೆ. ದಪ್ಪ ಗೋಡೆಯ ಮನೆಗೆ ಕೇಬಲ್ಲೇ ಸರಿ ಎಂಬುದು ಈ ವರದಿಗಾರನ ಅಭಿಮತ.

ವೇಗದ ಲೆಕ್ಕದಲ್ಲಿ ಒಂದು ಮಾತು. ಸಂಸ್ಥೆಗಳು ಹೇಳುವುದು ಮೆಗಾಬಿಟ್. ಕಡತಗಳ ಗಾತ್ರ ಮೆಗಾಬೈಟ್. ಎಂಟು ಬಿಟ್‌ಗೆ ಒಂದು ಬೈಟ್. 40 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 5 ಮೆಗಾಬೈಟ್.

ಬೀಗ ಹಾಕದ ಬಾಗಿಲು

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳು ಸಂಭವಿಸುವ ಕೆಲವೇ ನಿಮಿಷ ಮೊದಲು ಸುದ್ದಿ ಸಂಸ್ಥೆಗಳಿಗೆ ಬೆದರಿಕೆಯ ಇ-ಮೇಲ್ ಬಂದಿತ್ತು. ತನಿಖೆ ಹೋಗಿ ನಿಂತದ್ದು ನವಿ ಮುಂಬೈಯಲ್ಲಿ ವಾಸವಾಗಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಯ ಮುಂದೆ. ಅವರ ವೈ-ಫೈಗೆ ರಕ್ಷಣೆ ಇರಲಿಲ್ಲ. ಅನ್ಯರು ಅದನ್ನು ಬಳಸಿಕೊಂಡಿದ್ದರು. ಗ್ರಾಹಕರ ವೈ-ಫೈ ಸುರಕ್ಷಿತವಾಗಿರುವಂತೆ ನೋಡಿಕೊಳ್ಳಬೇಕೆಂದು ದೂರಸಂಪರ್ಕ ಇಲಾಖೆ 2009ರಲ್ಲಿ ಸೇವಾ ಸಂಸ್ಥೆಗಳಿಗೆ ಸೂಚಿಸಿತು. ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಮನೆಗೇ ಪೊಲೀಸರು ಮೊದಲು ಬರುತ್ತಾರೆ. ಹೋಂಸ್ಟೇ ನಡೆಸುವವರಿಗಂತೂ ಇದು ನೆನಪಿನಲ್ಲಿರಬೇಕು.

ರಕ್ಷಣಾ ಪದ್ಧತಿಯಾಗಿ ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ಅನ್ನು ಆರಿಸಬೇಕು. ಹಳೆಯ ‘ವೆಪ್’ ಪದ್ಧತಿಯ ದೌರ್ಬಲ್ಯ 2001ರಲ್ಲೇ ಬಯಲಾಗಿದೆ. ವೈ-ಫೈ ಪಾಸ್‌ವರ್ಡ್ ಬೇರೆ, ನಿರ್ವಹಣಾ ಪುಟದ ಪಾಸ್‌ವರ್ಡ್ ಬೇರೆ, ಎರಡನ್ನೂ ಬದಲಿಸಬೇಕು. ಕಾರ್ಖಾನೆಯಿಂದ ಬಂದಾಗಿನ ಪಾಸ್‌ವರ್ಡನ್ನೇ ಉಳಿಸಿಕೊಂಡ ರೂಟರ್ ಮತ್ತು ಕ್ಯಾಮೆರಾಗಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ವಶಪಡಿಸಿಕೊಂಡು 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ದೊಡ್ಡ ದೊಡ್ಡ ಜಾಲತಾಣಗಳನ್ನೇ ಮಲಗಿಸಿತ್ತು. ಅಡಿಕೆ ಕಾಯಲು ಹಾಕಿದ ಕ್ಯಾಮೆರಾಕ್ಕೂ ಈ ಮಾತು ಅನ್ವಯಿಸುತ್ತದೆ.

ಅತಿಥಿಗಳಿಗಾಗಿ ರೂಟರಿನಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಸೌಲಭ್ಯವಿದೆ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಅದರಲ್ಲಿರುವವರಿಗೆ ಅಂತರ್ಜಾಲ ಸಿಗುತ್ತದೆ, ಮನೆಯ ಗಣಕ ಮತ್ತು ಕ್ಯಾಮೆರಾ ಕಾಣುವುದಿಲ್ಲ. ಪಾಸ್‌ವರ್ಡನ್ನು ಆಗಾಗ್ಗೆ ಬದಲಿಸುತ್ತಿದ್ದರೆ ಹೋದ ಅತಿಥಿ ರಸ್ತೆಯಲ್ಲಿ ನಿಂತು ಬಳಸುವ ಪ್ರಶ್ನೆಯೂ ಇಲ್ಲ.

ನೆರೆಮನೆಯವರಿಗೆ ಪಾಸ್‌ವರ್ಡ್ ಕೊಟ್ಟು ತಿಂಗಳಿಗೆ ಇಷ್ಟು ಎಂದು ವಸೂಲು ಮಾಡುವ ರೂಢಿ ಅಲ್ಲಲ್ಲಿ ಇದೆ. ಗೃಹಬಳಕೆಯ ಸಂಪರ್ಕವನ್ನು ಹೀಗೆ ಮರುಮಾರಾಟ ಮಾಡಲು ಸೇವಾ ಸಂಸ್ಥೆಗಳ ನಿಬಂಧನೆಗಳು ಅವಕಾಶ ಕೊಡುವುದಿಲ್ಲ. ಇದಕ್ಕೆ ನ್ಯಾಯಸಮ್ಮತ ದಾರಿಯೊಂದಿದೆ. ಕೇಂದ್ರ ಸಚಿವ ಸಂಪುಟ 2020ರ ಡಿಸೆಂಬರಿನಲ್ಲಿ ಒಪ್ಪಿಗೆ ನೀಡಿದ ಪಿಎಂ-ವಾಣಿ ಯೋಜನೆಯಡಿ ಚಹಾ ಅಂಗಡಿ, ಕಿರಾಣಿ ಅಂಗಡಿಯವರು ಪರವಾನಗಿಯಿಲ್ಲದೆ, ಶುಲ್ಕವಿಲ್ಲದೆ ಸಾರ್ವಜನಿಕ ವೈ-ಫೈ ಕೇಂದ್ರ ನಡೆಸಬಹುದು. ಮೊಬೈಲ್ ಸಿಗ್ನಲ್ ಇಲ್ಲದ ಮಲೆನಾಡಿನ ಪೇಟೆಗಳಿಗೆ ಹೇಳಿ ಮಾಡಿಸಿದಂತಿರುವ ಈ ಯೋಜನೆಗೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ.

ಕರೆಂಟು ಮತ್ತು ಗುಡುಗು

ವಿದ್ಯುತ್ ಉತ್ಪಾದಿಸುವ ಊರಿನ ಸುತ್ತಲೇ ಮಳೆಗಾಲದಲ್ಲಿ ಕರೆಂಟು ಹೋಗುವುದು ದೀಪದ ಬುಡದ ಕತ್ತಲೆ. ಮರ ಬಿದ್ದು ತಂತಿ ಹರಿದರೆ ಒಮ್ಮೊಮ್ಮೆ ದಿನಗಟ್ಟಲೆ ಕಾಯಬೇಕು. ಓಎನ್‌ಟಿ ಮತ್ತು ರೂಟರ್ ಬಹುತೇಕ 12 ವೋಲ್ಟಿನವು. ಎರಡೂ ಸೇರಿ ಸುಮಾರು 10ರಿಂದ 15 ವಾಟ್ ಬಳಸುತ್ತವೆ. ಇವೆರಡಕ್ಕಷ್ಟೇ ಸಾಲುವ ಪುಟ್ಟ ಯುಪಿಎಸ್‌ಗಳು ಸಿಗುತ್ತವೆ. ಕೊಳ್ಳುವ ಮುನ್ನ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರನ್ನು ಓದಿಕೊಳ್ಳಬೇಕು. ರೂಟರಿಗೆ ಮಾತ್ರ ಬ್ಯಾಟರಿ ಕೊಟ್ಟು ಓಎನ್‌ಟಿಯನ್ನು ಬಿಟ್ಟರೆ ವೈ-ಫೈ ಇದೆ ಎಂದು ತೋರಿಸುತ್ತದೆ, ಅಂತರ್ಜಾಲ ಇರುವುದಿಲ್ಲ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವಾಟ್-ಅವರ್ ಇರುತ್ತದೆ. ನಷ್ಟ ಕಳೆದು 10 ವಾಟಿನ ಬಳಕೆಗೆ ಐದಾರು ಗಂಟೆ ಬರಬಹುದು. ವಿನಿಮಯ ಕೇಂದ್ರದಲ್ಲೂ ಅಷ್ಟು ಹೊತ್ತು ಬ್ಯಾಟರಿಯೋ ಜನರೇಟರೋ ನಡೆದರೆ ಮಾತ್ರ ಇದಕ್ಕೆ ಅರ್ಥ.

ಏಪ್ರಿಲ್-ಮೇ ತಿಂಗಳುಗಳ ಗುಡುಗು ಸಿಡಿಲು ಮಳೆಗಿಂತ ಅಪಾಯಕಾರಿ. ಗಾಜಿನೆಳೆ ವಿದ್ಯುತ್ತನ್ನು ಒಯ್ಯುವುದಿಲ್ಲ. ಆದರೆ ಕಂಬದಿಂದ ಕಂಬಕ್ಕೆ ತೂಗುವ ಕೇಬಲ್ಲಿನಲ್ಲಿ ಆಧಾರಕ್ಕಾಗಿ ಉಕ್ಕಿನ ತಂತಿ ಇರಬಹುದು. ಕರೆಂಟಿನ ಸಾಲಿನಿಂದ ಸಿಡಿಲಿನ ಹೊಡೆತ ಅಡಾಪ್ಟರಿಗೆ ಬರುವ ದಾರಿಯಂತೂ ಇದ್ದೇ ಇದೆ. ಗುಡುಗು ಕೇಳಿದೊಡನೆ ಪ್ಲಗ್ ಕೀಳುವುದಕ್ಕಿಂತ ಉತ್ತಮ ರಕ್ಷಣೆ ಇಲ್ಲ. ಸ್ವಿಚ್ ಆರಿಸಿದರೆ ಸಾಲದು. ಮನೆಯಿಂದ ಕೊಟ್ಟಿಗೆಗೋ ಅಡಿಕೆ ಸುಲಿಯುವ ಚಪ್ಪರಕ್ಕೋ ಬಯಲಿನಲ್ಲಿ ಎಳೆದ ಈಥರ್‌ನೆಟ್ ಕೇಬಲ್ ಪೂರ್ತಿ ತಾಮ್ರದ್ದು. ಒಂದು ತುದಿಗೆ ಸಿಡಿಲು ತಗುಲಿದರೆ ಎರಡೂ ತುದಿಯ ಯಂತ್ರಗಳು ಸುಟ್ಟುಹೋಗುತ್ತವೆ. ಅಂಥ ಕಡೆ ಫೈಬರ್ ತುಂಡನ್ನೇ ಬಳಸಿ ಎರಡು ತುದಿಗೆ ಮೀಡಿಯಾ ಕನ್ವರ್ಟರ್ ಹಾಕುವುದು ಜಾಣತನ. ಖರ್ಚೂ ವಿಪರೀತವಲ್ಲ.

ಸಂಪರ್ಕ ಕಡಿದಾಗ ದೂರು ಕೊಡುವ ಮುನ್ನ ಓಎನ್‌ಟಿಯ ದೀಪಗಳನ್ನು ನೋಡಬೇಕು. ‘ಪಾನ್’ ದೀಪ ಹಸಿರಾಗಿ ಸ್ಥಿರವಾಗಿದ್ದರೆ ಬೆಳಕು ಮನೆಯವರೆಗೆ ಬರುತ್ತಿದೆ; ತೊಂದರೆ ರೂಟರಿನಲ್ಲೋ ಪಾಸ್‌ವರ್ಡಿನಲ್ಲೋ ಬಾಕಿ ಬಿಲ್ಲಿನಲ್ಲೋ ಇರಬಹುದು. ಎರಡನ್ನೂ ಆರಿಸಿ, ಮೊದಲು ಓಎನ್‌ಟಿಯನ್ನೂ ಒಂದೆರಡು ನಿಮಿಷದ ನಂತರ ರೂಟರನ್ನೂ ಹಚ್ಚಿ ನೋಡಬಹುದು. ‘ಲಾಸ್’ ದೀಪ ಕೆಂಪಾಗಿ ಮಿನುಗುತ್ತಿದ್ದರೆ ದಾರಿಯಲ್ಲೆಲ್ಲೋ ಎಳೆ ತುಂಡಾಗಿದೆ ಅಥವಾ ಗೋಡೆಯ ಬಳಿ ಮಡಚಿದೆ ಎಂದರ್ಥ. ಆಗ ಮನೆಯೊಳಗೆ ಮಾಡಬಹುದಾದದ್ದು ಏನೂ ಇಲ್ಲ. ದೂರು ದಾಖಲಿಸುವಾಗ ‘ನೆಟ್ ಇಲ್ಲ’ ಎನ್ನುವುದಕ್ಕಿಂತ ‘ಲಾಸ್ ದೀಪ ಕೆಂಪಾಗಿದೆ’ ಎಂದರೆ, ಬರುವವರು ಏಣಿ ಮತ್ತು ಎಳೆ ಬೆಸೆಯುವ ಯಂತ್ರದೊಂದಿಗೇ ಬರುತ್ತಾರೆ.