ಹೆಸರಿಲ್ಲದ ಚಿತ್ರ, ತಪ್ಪಿದ ಇಸವಿ: ಹುಸೇನರ ದೇಶಾಂತರ ಕುರಿತ ಒಂದು ದಾಖಲೆಯ ಮರುಪರಿಶೀಲನೆ

ಮಕ್ಬೂಲ್ ಫಿದಾ ಹುಸೇನರು 2006ರಲ್ಲಿ ‘ಭಾರತಮಾತೆ’ ಎಂಬ ನಗ್ನಚಿತ್ರ ಬರೆದರು, ಗದ್ದಲವೆದ್ದಾಗ ದೇಶ ಬಿಟ್ಟರು, 2008ರಲ್ಲಿ ನ್ಯಾಯಾಲಯ ದೋಷಮುಕ್ತಗೊಳಿಸಿದರೂ ಮರಳದೆ ಕತಾರಿನ ಪೌರತ್ವ ಪಡೆದರು. ನಮ್ಮಲ್ಲಿ ಹುಸೇನರ ಮಾತು ಬಂದಾಗಲೆಲ್ಲ ಕೇಳಿಬರುವ ಕಥನ ಇದು. ಅವರನ್ನು ಹೊಗಳುವವರೂ ಹಳಿಯುವವರೂ ಈ ಕ್ರಮವನ್ನು ಒಪ್ಪಿಕೊಂಡೇ ಜಗಳಕ್ಕೆ ನಿಲ್ಲುತ್ತಾರೆ. ಆದರೆ ಇದರಲ್ಲಿ ಇಸವಿ ತಪ್ಪು, ಚಿತ್ರದ ಹೆಸರು ಸಂಶಯಾಸ್ಪದ, ಕೊನೆಯ ತೀರ್ಮಾನವಂತೂ ಅನ್ಯಾಯದ್ದು. ತಿದ್ದುವುದಕ್ಕೆ ಹೊಸ ಆಕರವೇನೂ ಬೇಕಿಲ್ಲ. ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ 2008ರ ಮೇ 8ರಂದು ಕೊಟ್ಟ ತೀರ್ಪು ಯಾರಿಗಾದರೂ ಓದಲು ಸಿಗುತ್ತದೆ. ಕಲಾಸ್ವಾತಂತ್ರ್ಯದ ಬಗ್ಗೆ ಅದು ಆಡಿದ ಮಾತುಗಳನ್ನು ಎತ್ತಿ ಬಳಸಿದವರು ಬಹಳ. ಪ್ರಕರಣದ ಸಂಗತಿಗಳನ್ನು ಹೇಳುವ ಭಾಗದ ಮೇಲೆ ಮಾತ್ರ ಯಾರ ಕಣ್ಣೂ ನಿಂತಂತಿಲ್ಲ.

ಆ ಭಾಗದಲ್ಲಿರುವುದು ಇಷ್ಟು. ಚಿತ್ರಕ್ಕೆ ಹೆಸರಿರಲಿಲ್ಲ. 2004ರಲ್ಲೇ ಅದು ಖಾಸಗಿ ಸಂಗ್ರಾಹಕರೊಬ್ಬರಿಗೆ ಮಾರಾಟವಾಗಿತ್ತು. 2006ರಲ್ಲಿ ಕಾಶ್ಮೀರದ ಭೂಕಂಪ ಸಂತ್ರಸ್ತರಿಗಾಗಿ ನಡೆಯಲಿದ್ದ ಆನ್‌ಲೈನ್ ಹರಾಜಿನ ಜಾಹೀರಾತಿನಲ್ಲಿ ಅದು ‘ಭಾರತಮಾತೆ’ ಎಂಬ ಹೆಸರು ಹೊತ್ತು ಕಾಣಿಸಿಕೊಂಡಿತು. ಆ ಹರಾಜಿನಲ್ಲಿ ಕಲಾವಿದರ ಪಾತ್ರವಿರಲಿಲ್ಲ. ಇದು ಅರ್ಜಿದಾರರಾದ ಹುಸೇನರ ಪಕ್ಷದ ನಿರೂಪಣೆ ಎಂಬ ಆಕ್ಷೇಪ ಬರುವುದು ಸಹಜ, ಬರಲೂ ಬೇಕು. ಆದರೆ ಇದಕ್ಕೆ ಎದುರಾಗಿ ಒಡ್ಡುವ ಪುರಾವೆ ಸಾಮಾನ್ಯವಾಗಿ ಒಂದೇ: ಅದೇ ವರ್ಷದ ಫೆಬ್ರವರಿಯಲ್ಲಿ ಹುಸೇನರು ಕ್ಷಮೆ ಕೇಳಿದ್ದು. ಜನರ ಮನಸ್ಸು ನೊಂದಿದ್ದಕ್ಕೆ ಕೇಳಿದ ಕ್ಷಮೆಯಿಂದ ಚಿತ್ರಕ್ಕೆ ಹೆಸರಿಟ್ಟವರು ಯಾರೆಂಬುದು ಹೇಗೆ ಸಾಬೀತಾಗುತ್ತದೆ? ತೊಂಬತ್ತರ ಹಿರಿಯರೊಬ್ಬರ ಸೌಜನ್ಯವನ್ನು ತಪ್ಪೊಪ್ಪಿಗೆಯ ಲೆಕ್ಕಕ್ಕೆ ಬರೆದುಕೊಂಡದ್ದು ಸಂಶೋಧನೆಯ ರೀತಿಯಲ್ಲ.

ಹೆಸರು ಹೋದರೆ ಎಲ್ಲವೂ ಹೋಯಿತೆಂದು ನಾನು ವಾದಿಸುತ್ತಿಲ್ಲ. ಹೆಣ್ಣಿನ ಮೈಯೇ ದೇಶದ ನಕಾಶೆಯಾಗಿದೆ, ಅದರ ಮೇಲೆ ಊರುಗಳ ಹೆಸರುಗಳಿವೆ. ಚಿತ್ರದ ವಸ್ತು ಭಾರತವೆಂಬುದಕ್ಕೆ ಶೀರ್ಷಿಕೆಯ ಹಂಗಿಲ್ಲ. ಪ್ರಶ್ನೆ ಬೇರೆ: ಈ ಭಾರತ ಎಂಥದು? ಇಲ್ಲಿ ನಮ್ಮ ಪ್ರಗತಿಪರ ಮಿತ್ರರ ಮೇಲೂ ನನಗೆ ಅಸಮಾಧಾನವಿದೆ. ಅವರು ಖಜುರಾಹೊ, ಬೇಲೂರುಗಳ ಶಿಲ್ಪಗಳನ್ನು ಸಾಲಾಗಿ ನಿಲ್ಲಿಸಿ, ನಗ್ನತೆ ನಮ್ಮ ಪರಂಪರೆಯಲ್ಲೇ ಇದೆ ಎಂದು ಮುಗಿಸಿಬಿಡುತ್ತಾರೆ. (ತೀರ್ಪೂ ಪರಂಪರೆಯನ್ನು ನೆನೆಯುತ್ತದೆ, ಆದರೆ ಅಲ್ಲಿಗೇ ನಿಲ್ಲುವುದಿಲ್ಲ.) ಆ ವಾದದಲ್ಲಿ ಚಿತ್ರವನ್ನು ನೋಡುವ ಕೆಲಸವೇ ಬಿಟ್ಟುಹೋಗಿದೆ. ನ್ಯಾಯಮೂರ್ತಿಗಳು ನೋಡಿದ್ದಾರೆ. ಮುಚ್ಚಿದ ಕಣ್ಣು, ಬೆಳಕಿನಿಂದ ಹೊರಳಿಸಿದ ಮುಖ, ಅದರ ಮೇಲಿಟ್ಟ ತೋಳು, ಜಾರುವ ಕಣ್ಣೀರ ಹನಿ, ಹಿಮಾಲಯವಾಗಿ ಹರಡಿದ ಕೂದಲು ಇವುಗಳನ್ನೆಲ್ಲ ಗುರುತಿಸಿ, ಸಂಕಟದಲ್ಲಿರುವ ದೇಶವೊಂದರ ರೂಪ ಇದು ಎಂದು ಓದಿದ್ದಾರೆ. ವೃತ್ತಿಯಿಂದ ಕಲಾವಿಮರ್ಶಕರಾದವರು ಮಾಡಬೇಕಿದ್ದ ಓದನ್ನು ನ್ಯಾಯಪೀಠ ಮಾಡಿತು. ಈ ಚಿತ್ರದ ಬಗ್ಗೆ ಇದಕ್ಕಿಂತ ಎಚ್ಚರದ ಬರಹವನ್ನು ನಾನು ಕಂಡಿಲ್ಲ.

ಚಿತ್ರದ ಕಾಲ ಬೇರೆ, ಗದ್ದಲದ ಕಾಲ ಬೇರೆ ಎಂಬುದು ಇದೊಂದರ ಮಾತಲ್ಲ. ಹುಸೇನರ ಸರಸ್ವತಿ ರೇಖಾಚಿತ್ರ 1970ರ ದಶಕದ್ದು. ಅದರ ಮೇಲೆ ಸಿಟ್ಟು ಹೊತ್ತಿದ್ದು 1996ರಲ್ಲಿ, ಭೋಪಾಲದ ‘ವಿಚಾರ ಮೀಮಾಂಸಾ’ ಎಂಬ ಹಿಂದಿ ಮಾಸಿಕ ಅದನ್ನು ದೂಷಣೆಯ ಲೇಖನದೊಂದಿಗೆ ಮರುಮುದ್ರಿಸಿದ ಮೇಲೆ. ಆ ಅಕ್ಟೋಬರಿನಲ್ಲಿ ಅಹಮದಾಬಾದಿನ ಗ್ಯಾಲರಿಯೊಂದಕ್ಕೆ ನುಗ್ಗಿದವರು ಹುಸೇನರ ಕೃತಿಗಳನ್ನು ಹಾಳುಗೆಡವಿದರು. ನಡುವಿನ ಇಷ್ಟು ವರ್ಷ ಅದೇ ರೇಖೆಗಳು ಯಾರನ್ನೂ ಕೆರಳಿಸಿರಲಿಲ್ಲ. ಹೀಗಿರುವಾಗ ಹುಸೇನರು ಬೇಕೆಂದೇ ಕೆಣಕಿದರು ಎನ್ನುವವರು ಈ ಅಂತರಕ್ಕೆ ವಿವರಣೆ ಕೊಡಬೇಕಾಗುತ್ತದೆ.

ಇನ್ನು ‘ಕೋರ್ಟು ಬಿಟ್ಟರೂ ಬರಲಿಲ್ಲ’ ಎಂಬ ಮಾತು. ಹೈಕೋರ್ಟು ರದ್ದುಪಡಿಸಿದ್ದು ತನ್ನ ಮುಂದಿದ್ದ ಖಾಸಗಿ ದೂರುಗಳ ಮೇಲಿನ ನಡವಳಿಗಳನ್ನು. ಪಂಢರಪುರ, ರಾಜಕೋಟ್, ಇಂದೋರ್, ಭೋಪಾಲಗಳಲ್ಲಿ ದಾಖಲಾಗಿ, ಸುಪ್ರೀಂ ಕೋರ್ಟಿನ ಆದೇಶದಿಂದ ದೆಹಲಿಗೆ ವರ್ಗವಾದ ದೂರುಗಳವು. (ಪಂಢರಪುರ ಹುಸೇನರು ಹುಟ್ಟಿದ ಊರು. ನಮ್ಮ ಹರಿದಾಸರ ವಿಠ್ಠಲನ ಊರಿನಿಂದಲೇ ಅಲ್ಲಿನ ಮಗನ ಮೇಲೆ ದೂರು ಹೋದದ್ದನ್ನು ಬರೆಯುವಾಗ ಸಂಕಟವಾಗುತ್ತದೆ.) ಇನ್ನೊಂದು ಊರಿನಲ್ಲಿ ಇನ್ನೊಬ್ಬರು ದೂರು ಕೊಡುವುದನ್ನು ಆ ತೀರ್ಪು ತಡೆಯುವಂತಿರಲಿಲ್ಲ, ಬೀದಿಯಲ್ಲಿ ಕಾಯುವವರ ಕೈಯನ್ನಂತೂ ಅಲ್ಲವೇ ಅಲ್ಲ. ತೀರ್ಪು ಬಂದು ನಾಲ್ಕು ತಿಂಗಳೂ ತುಂಬಿರಲಿಲ್ಲ. ಆಗಸ್ಟಿನಲ್ಲಿ ಅದೇ ದೆಹಲಿಯಲ್ಲಿ ನಡೆದ ಮೊದಲ ‘ಇಂಡಿಯಾ ಆರ್ಟ್ ಸಮ್ಮಿಟ್’ ಹುಸೇನರ ಕೃತಿಗಳನ್ನು ಹೊರಗಿಟ್ಟಿತು. ಪ್ರತಿಭಟನೆಯಾಗಿ ‘ಸಹಮತ್’ ಸಂಸ್ಥೆ ಅವರ ಚಿತ್ರಗಳ ಪ್ರತಿಗಳನ್ನಷ್ಟೇ ತೂಗುಹಾಕಿತು. ಅದರ ಮೇಲೂ ದಾಳಿ ನಡೆಯಿತು. ಚಿತ್ರದ ಪಡಿಯಚ್ಚಿಗೂ ರಕ್ಷಣೆಯಿಲ್ಲದ ಊರಿಗೆ ಚಿತ್ರಕಾರರು ಮರಳಬಹುದಿತ್ತು ಎಂದು ಬರೆಯುವವರು ಈ ಆಗಸ್ಟನ್ನು ತಮ್ಮ ಬರಹದಲ್ಲಿ ಎಲ್ಲಿ ಇಡುತ್ತಾರೆ?

ಕತಾರಿನ ಪೌರತ್ವದ ವಿಷಯವೂ ಹೀಗೆಯೇ ತಿರುಚಿಹೋಗಿದೆ. 2010ರ ಫೆಬ್ರವರಿಯಲ್ಲಿ ಅವರು ‘ದಿ ಹಿಂದೂ’ ಪತ್ರಿಕೆಯ ಎನ್. ರಾಮ್ ಅವರಿಗೆ ತಿಳಿಸಿದ್ದು, ತಾನು ಅರ್ಜಿ ಹಾಕದೆಯೇ ಆ ದೇಶ ಕೊಟ್ಟ ಗೌರವ ಅದೆಂದು. ಮಾರ್ಚಿನಲ್ಲಿ ದೋಹಾದ ಭಾರತೀಯ ದೂತಾವಾಸದಲ್ಲಿ ಪಾಸ್‌ಪೋರ್ಟ್ ಒಪ್ಪಿಸಿದ್ದನ್ನು ದೇಶಕ್ಕೆ ಮಾಡಿದ ತಿರಸ್ಕಾರವೆಂದು ಓದುವವರು 1955ರ ಪೌರತ್ವ ಕಾಯ್ದೆಯ 9ನೆಯ ಕಲಮನ್ನು ತೆರೆದು ನೋಡಬೇಕು. ಬೇರೆ ದೇಶದ ಪೌರತ್ವ ಒಪ್ಪಿಕೊಂಡವರ ಭಾರತೀಯ ಪೌರತ್ವ ತಾನಾಗಿ ಕೊನೆಗೊಳ್ಳುತ್ತದೆ, ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಆಯ್ಕೆಯನ್ನು ಕಾನೂನು ಅವರಿಗೆ ಬಿಟ್ಟಿರಲೇ ಇಲ್ಲ.